ಮರದ ಹೆಸರಿನ ಜೊತೆ ಮರ ನಿಂತ ಜಾಗವನ್ನೂ ಬರೆಯಿರಿ: ಉತ್ತರ ಕನ್ನಡದ ಜೀವವೈವಿಧ್ಯ ಸಮಿತಿಗಳಿಗೆ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಗ್ರಾಮ ಪಂಚಾಯ್ತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಕರ್ನಾಟಕ ಜೀವವೈವಿಧ್ಯ ಮಂಡಳಿಯವರಿಗೆ,

ನಮಸ್ಕಾರ.

ನಿಮ್ಮ ಪಂಚಾಯ್ತಿಯ ಕಪಾಟಿನಲ್ಲಿ ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿಯ ಪುಸ್ತಕ ಇರಬೇಕು. ಒಮ್ಮೆ ತೆಗೆದು ರಾಮಪತ್ರೆಯ (ಕಾಡು ಜಾಯಿಕಾಯಿ ಮರದ) ಪುಟ ನೋಡಿ. ಮರದ ಹೆಸರು ಇರುತ್ತದೆ. ಯಾತಕ್ಕೆ ಬಳಸುತ್ತಾರೆ ಅನ್ನೋದು ಇರುತ್ತದೆ. ಈಗ ಎಷ್ಟಿದೆ ಅನ್ನುವ ಕಡೆ ‘ಕಡಿಮೆಯಾಗಿದೆ’ ಎಂಬ ಒಂದು ಮಾತು ಇರುತ್ತದೆ. ಎಲ್ಲಿದೆ ಅನ್ನುವ ಕಡೆ ‘ಕಾಡಿನಲ್ಲಿ’ ಎಂದಿರುತ್ತದೆ. ನಾನು ನೋಡಿದ ಪುಸ್ತಕಗಳಲ್ಲೆಲ್ಲ ಹೀಗೇ ಇತ್ತು.

ಯಾವ ಕಾಡು? ಕಾನಿನ (ಹಳೆಯ ನಿತ್ಯಹಸಿರು ಕಾಡಿನ) ನಡುವೆಯಾ, ಅಂಚಿನಲ್ಲಾ? ಹಳ್ಳದ ಬದಿಯ ಜಡ್ಡಿಯಲ್ಲಾ (ಕೆಸರು ನಿಲ್ಲುವ ಕಾಡಿನಲ್ಲಾ), ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಾ? ಒಂದು ಮರಕ್ಕೂ ಇನ್ನೊಂದಕ್ಕೂ ಎಷ್ಟು ದೂರ? ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ನಾನು ಶಿರಸಿ ತಾಲೂಕಿನವಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಕೋರಿಕೆ ಒಂದೇ. ಮುಂದಿನ ಸಲ ಈ ಪುಸ್ತಕ ಪರಿಷ್ಕರಿಸುವಾಗ ಪ್ರತಿ ದಾಖಲೆಗೂ ಜಾಗ ಸೇರಿಸಿ. ಎಲ್ಲಿ ಹುಡುಕಬೇಕು ಎಂಬುದನ್ನೂ ಮೊದಲೇ ಲೆಕ್ಕ ಹಾಕಿ ಗೊತ್ತು ಮಾಡಿ. ಇದು ಯಾಕೆ ಅಷ್ಟು ಮುಖ್ಯ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ತಾಳ್ಮೆಯಿಂದ ಓದಿ.

ನಮ್ಮ ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡಿದೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಲೆಕ್ಕ ಹೇಗೆ ಬಂತು ನೋಡಿ. ಭಾರತೀಯ ಅರಣ್ಯ ಸಮೀಕ್ಷೆಯವರು ಉಪಗ್ರಹದ ಚಿತ್ರದಲ್ಲಿ 1 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗವನ್ನು ನೋಡುತ್ತಾರೆ. ಅಲ್ಲಿ ಮರಗಳ ನೆತ್ತಿ ಶೇಕಡಾ 10ಕ್ಕಿಂತ ಜಾಸ್ತಿ ನೆಲ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದ್ದು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಅಕೇಸಿಯಾ ನೆಡುತೋಪೂ ಹಸಿರೇ, ನೂರಾರು ವರ್ಷದ ಕಾನೂ ಹಸಿರೇ. ಇಡೀ ದೇಶವನ್ನು ಒಂದೇ ಅಳತೆಯಲ್ಲಿ ನೋಡಲು ಆ ಲೆಕ್ಕ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಪಂಚಾಯ್ತಿಯ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಇಲ್ಲಿ ನೆಲದ ಮೇಲೆ ನಿಂತು ನೋಡಿದರೆ ತೋಟ, ಅದರ ಸುತ್ತ ಸೊಪ್ಪಿನ ಬೆಟ್ಟ, ಆಚೆ ಬ್ಯಾಣ (ಹುಲ್ಲುಗಾವಲು), ಅದರಾಚೆ ನೆಡುತೋಪು. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಾನು. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಾಡು ಊರಿನ ದೇವರ ಸೊತ್ತು ಎಂದು ಜನ ನಂಬಿದ್ದನ್ನು ಬರೆದಿಟ್ಟಿದ್ದಾನೆ. ಆಮೇಲಿನ ಎರಡು ನೂರು ವರ್ಷಗಳಲ್ಲಿ ಆ ಕಾಡು ತುಂಡು ತುಂಡಾಯಿತು. ಉಳಿದಿರುವ ತುಂಡುಗಳಲ್ಲೇ ನಮ್ಮ ಅಪರೂಪದ ಜೀವಗಳಿವೆ.

ಎಷ್ಟು ಅಪರೂಪ ಎಂದರೆ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಸಿಕ್ಕ ಗೇರಿನ ಬಳಗದ ಒಂದು ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2000ರಲ್ಲಿ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾನಿನ ಹೆಸರನ್ನೇ ಇಟ್ಟರು. ಹೊನ್ನಾವರದಿಂದ ಜೋಗಕ್ಕೆ ಹೋಗುವ ಬಸ್ಸುಗಳು ದಿನವೂ ಆ ಕಾನಿನ ಪಕ್ಕದಲ್ಲೇ ಓಡಾಡುತ್ತವೆ!

ಇನ್ನು ಪಟ್ಟಿಯ ವಿಷಯಕ್ಕೆ ಬರುತ್ತೇನೆ. ನಾಳೆ ನಿಮ್ಮ ಊರಿನ ಮೇಲೆ ಒಂದು ವಿದ್ಯುತ್ ಲೈನ್ ಬರುತ್ತದೆ, ಅಥವಾ ಘಟ್ಟದ ರಸ್ತೆ ಅಗಲವಾಗುತ್ತದೆ ಎಂದಿಟ್ಟುಕೊಳ್ಳಿ. ಅಹವಾಲು ಸಭೆಯಲ್ಲಿ ನೀವು ಪುಸ್ತಕ ಹಿಡಿದು ‘ನಮ್ಮಲ್ಲಿ ಇಷ್ಟು ಜಾತಿಯ ಮರಗಳಿವೆ’ ಎನ್ನುತ್ತೀರಿ. ಅವರೂ ಒಂದು ವರದಿ ತಂದಿರುತ್ತಾರೆ. ಅದರಲ್ಲೂ ಒಂದು ಪಟ್ಟಿ. ಆಗ ಯಾರಾದರೂ ಕೇಳುವ ಪ್ರಶ್ನೆ ಇದು: ‘ಲೈನನ್ನು 300 ಮೀಟರ್ ಆ ಕಡೆ ಸರಿಸಿದರೆ ಎಷ್ಟು ಉಳಿಯುತ್ತದೆ?’ ಹೆಸರುಗಳ ಪಟ್ಟಿ ಎಷ್ಟೇ ಉದ್ದ ಇದ್ದರೂ ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಜಾಗದಲ್ಲಿ. ತೀರ್ಮಾನ ಆಗುವುದೂ ಯಾವಾಗಲೂ ಇಂಥ ‘ಇಲ್ಲಿಯೋ ಅಲ್ಲಿಯೋ’ ಪ್ರಶ್ನೆಯ ಮೇಲೇ.

ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಖ್ಯಾಶಾಸ್ತ್ರದ ಒಂದು ಶಾಖೆಯೇ ಇದೆ. ಅದರ ಬುಡದಲ್ಲಿರುವ ಮಾತು ರೈತರಿಗೆಲ್ಲ ಗೊತ್ತಿರುವುದೇ: ಹತ್ತಿರ ಇರುವುದು ಒಂದನ್ನೊಂದು ಹೋಲುತ್ತದೆ, ದೂರ ಹೋದಷ್ಟೂ ಹೋಲಿಕೆ ಕಡಿಮೆ. ಭೂಗೋಳ ತಜ್ಞ ವಾಲ್ಡೊ ಟೋಬ್ಲರ್ 1970ರಲ್ಲಿ ಇದನ್ನು ಭೂಗೋಳದ ಮೊದಲ ನಿಯಮ ಎಂದು ಕರೆದರು. ಅದಕ್ಕೂ ಮುಂಚೆ 1950ರಲ್ಲಿ ಸಂಖ್ಯಾಶಾಸ್ತ್ರಜ್ಞ ಪ್ಯಾಟ್ರಿಕ್ ಮೊರಾನ್ ಆ ಹೋಲಿಕೆಯನ್ನು ಅಳೆಯುವ ದಾರಿ ತೋರಿಸಿದ್ದರು. ಒಂದೇ ಥರದವು ಗುಂಪಾಗಿ ಇದ್ದರೆ ಮೊರಾನ್ ಸೂಚ್ಯಂಕ 1ರ ಕಡೆ ಹೋಗುತ್ತದೆ. ಚದುರಿದ್ದರಲ್ಲಿ ಯಾವ ವಿನ್ಯಾಸವೂ ಇಲ್ಲದಿದ್ದರೆ ಸೊನ್ನೆಯ ಹತ್ತಿರ ಇರುತ್ತದೆ. ಅಕ್ಕಪಕ್ಕದವು ಒಂದಕ್ಕೊಂದು ಉಲ್ಟಾ ಇದ್ದರೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಇದು ನಮ್ಮ ಸಮೀಕ್ಷೆಗೆ ಎಷ್ಟು ದೊಡ್ಡ ವಿಷಯ ಎಂದು ಒಂದು ಲೆಕ್ಕದಿಂದ ತೋರಿಸುತ್ತೇನೆ. ಒಂದು ಹೋಬಳಿಯ ಕಾನುಗಳಲ್ಲಿ ಸರಾಸರಿ ಎಷ್ಟು ಜಾತಿಯ ಮರಗಳಿವೆ ಎಂದು ತಿಳಿಯಬೇಕು. 20 ಪ್ಲಾಟ್ (ಮರ ಎಣಿಸಲು ಅಳೆದು ಗುರುತು ಮಾಡಿದ ಸಣ್ಣ ಜಾಗ) ಹಾಕುವಷ್ಟು ದುಡ್ಡಿದೆ. ರಸ್ತೆಗೆ ಹತ್ತಿರ ಇರುವ, ನಡೆಯಲು ಸುಲಭವಾದ ಒಂದೇ ಕಾನಿನಲ್ಲಿ 20 ಪ್ಲಾಟನ್ನೂ ಹಾಕಿ ಮುಗಿಸಿದಿರಿ. ವರದಿಯಲ್ಲಿ ‘20 ಪ್ಲಾಟ್’ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಪ್ಲಾಟುಗಳು ಒಂದನ್ನೊಂದು ಹೋಲುತ್ತವೆ, ಅಲ್ವಾ? ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಪೂರ್ತಿ ಒಂದೇ ಥರ. ಇಲ್ಲಿ ಹೋಲಿಕೆ 0.5 ಎಂದಿಟ್ಟುಕೊಳ್ಳಿ. 20ರಲ್ಲಿ 1 ಕಳೆದರೆ 19. ಅದನ್ನು 0.5ರಿಂದ ಗುಣಿಸಿ 1 ಕೂಡಿಸಿದರೆ 10.5. ಈಗ 20ನ್ನು 10.5ರಿಂದ ಭಾಗಿಸಿ. ಬರುವುದು 1.9. ಅಂದರೆ ನಿಮ್ಮ 20 ಪ್ಲಾಟಿನ ಬೆಲೆ ಎರಡು ಪ್ಲಾಟಿನಷ್ಟೂ ಇಲ್ಲ. ಒಂದೇ ಮನೆಯ ಇಪ್ಪತ್ತು ಜನರನ್ನು ಕೇಳಿ ಇಡೀ ಊರಿನ ಅಭಿಪ್ರಾಯ ಎಂದು ಬರೆದ ಹಾಗಾಯಿತು.

ಅದೇ 20 ಪ್ಲಾಟನ್ನು ಒಂದಕ್ಕೊಂದು ಸಾಕಷ್ಟು ದೂರ ಇರುವ 5 ಕಾನುಗಳಲ್ಲಿ ನಾಲ್ಕು ನಾಲ್ಕರಂತೆ ಹಾಕಿ. ಒಂದೊಂದು ಕಾನಿನ ಬೆಲೆ 1.6 ಪ್ಲಾಟ್, ಐದಕ್ಕೆ 8. ಇನ್ನೂ ಹಂಚಿ 20 ಕಾನುಗಳಲ್ಲಿ ಒಂದೊಂದೇ ಹಾಕಿದರೆ ಪೂರ್ತಿ 20. ಟೇಪು ಹಿಡಿಯುವ ಜನ ಅಷ್ಟೇ, ಅಳೆಯುವ ಮರಗಳೂ ಹೆಚ್ಚುಕಮ್ಮಿ ಅಷ್ಟೇ. ನಡಿಗೆ ಮಾತ್ರ ಜಾಸ್ತಿ. ನಮ್ಮ ದೇಶದಲ್ಲಿ ಇದನ್ನು ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. 1930ರ ದಶಕದಲ್ಲೇ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆ ಅಂದಾಜು ಮಾಡಲು ಗದ್ದೆಗಳನ್ನು ಹೀಗೆ ಲೆಕ್ಕ ಹಾಕಿ ಆರಿಸುತ್ತಿದ್ದರು. ಸೆಣಬಿಗೆ ಆಗ ಮಾಡಿದ್ದನ್ನು ಕಾನಿಗೆ ಈಗ ಮಾಡಬಾರದೇ?

ಇನ್ನೊಂದು ತೊಂದರೆಯೂ ಇದೆ. ಹೋಲಿಕೆಯನ್ನು ಮರೆತು ಲೆಕ್ಕ ಮಾಡಿದರೆ ಇಲ್ಲದ ಸಂಬಂಧವೂ ಇದ್ದ ಹಾಗೆ ಕಾಣುತ್ತದೆ. ‘ಅಕೇಸಿಯಾ ಪಕ್ಕದಲ್ಲಿದ್ದರೂ ಕಾನಿಗೆ ಏನೂ ಆಗಿಲ್ಲ’ ಎಂದು ಒಂದು ವರದಿ ಹೇಳಬಹುದು. ‘ಪೂರ್ತಿ ಹಾಳಾಗಿದೆ’ ಎಂದು ಇನ್ನೊಂದು ಹೇಳಬಹುದು. ಎರಡರಲ್ಲೂ ಪ್ಲಾಟುಗಳು ಒಂದೇ ಕಡೆ ಗುಂಪಾಗಿದ್ದರೆ ಎರಡನ್ನೂ ನಂಬುವಂತಿಲ್ಲ. ಯಾರೇ ವರದಿ ತಂದುಕೊಟ್ಟರೂ ಮೊದಲು ಪ್ಲಾಟುಗಳ ನಕ್ಷೆ ಕೇಳಿ. ಲೆಕ್ಕ ಮುಗಿದ ಮೇಲೆ ಉಳಿದ ವ್ಯತ್ಯಾಸದಲ್ಲಿ ಜಾಗದ ಹೋಲಿಕೆ ಇನ್ನೂ ಇದೆಯೇ ಎಂದು ಪರೀಕ್ಷೆ ಮಾಡಿದ್ದಾರಾ ಎಂದೂ ಕೇಳಿ. ಪ್ಲಾಟುಗಳೆಲ್ಲ ರಸ್ತೆಯ ಬದಿಗೇ ಸಾಲಾಗಿದ್ದರೆ ಅದನ್ನು ನೋಡಿ ಹೇಳಲು ಯಾವ ಡಿಗ್ರಿಯೂ ಬೇಕಾಗಿಲ್ಲ.

ಈಗ ಅಂಚಿನ ಮಾತು. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಇದರದ್ದೇ. ಬ್ರೆಜಿಲ್‌ನ ಮನೌಸ್ ಹತ್ತಿರ ಅಮೆಜಾನ್ ಕಾಡಿನಲ್ಲಿ 1979ರಿಂದ ಒಂದು ಅಧ್ಯಯನ ನಡೆಯುತ್ತಿದೆ. ಥಾಮಸ್ ಲವ್‌ಜಾಯ್ ಶುರು ಮಾಡಿದ್ದು. ಅಲ್ಲಿ 1, 10 ಮತ್ತು 100 ಹೆಕ್ಟೇರಿನ ಕಾಡಿನ ತುಂಡುಗಳನ್ನು ಬಿಟ್ಟು ಸುತ್ತಲಿನದನ್ನು ದನದ ಹುಲ್ಲುಗಾವಲಿಗಾಗಿ ಕಡಿದಿದ್ದರು. ಆ ತುಂಡುಗಳಿಗೆ ಏನಾಗುತ್ತದೆ ಎಂದು ವರ್ಷ ವರ್ಷ ಅಳೆದರು. ಅಂಚಿನಿಂದ ಒಳಗೆ ಸುಮಾರು 100 ಮೀಟರ್‌ವರೆಗೆ ದೊಡ್ಡ ಮರಗಳು ಜಾಸ್ತಿ ಸಾಯುತ್ತಿದ್ದವು. ಕೆಲವು ಪರಿಣಾಮಗಳು 300 ಮೀಟರ್‌ವರೆಗೂ ಹೋಗಿದ್ದವು. ಬಿಸಿಲು, ಒಣಗಾಳಿ, ಬಿರುಗಾಳಿ, ಬಳ್ಳಿಗಳ ಹಾವಳಿ ಎಲ್ಲ ಅಂಚಿನಿಂದಲೇ ಒಳಗೆ ಬರುತ್ತವೆ.

ಆ 100 ಮೀಟರನ್ನು ಇಟ್ಟುಕೊಂಡು ಒಂದು ಲೆಕ್ಕ ನೋಡಿ. 100 ಹೆಕ್ಟೇರಿನ ಗುಂಡಗಿನ ತುಂಡಾದರೆ ನಡುವಿನ ಸುಮಾರು 68 ಹೆಕ್ಟೇರ್ ಅಂಚಿನ ಕಾಟದಿಂದ ಪಾರು. 10 ಹೆಕ್ಟೇರಾದರೆ ಬರೀ 2 ಹೆಕ್ಟೇರ್. 1 ಹೆಕ್ಟೇರಾದರೆ ಏನೂ ಇಲ್ಲ, ಯಾಕೆಂದರೆ ಅದರ ನಟ್ಟನಡುವೆ ನಿಂತರೂ ಅಂಚು 56 ಮೀಟರ್ ದೂರದಲ್ಲೇ ಇರುತ್ತದೆ. ನಮ್ಮ ಕಾನುಗಳು ಗುಂಡಗೂ ಇಲ್ಲ. ಹಳ್ಳದ ಜೊತೆ ಉದ್ದಕ್ಕೆ ಚಾಚಿರುತ್ತವೆ. ಹಾಗಿರುವಾಗ ಒಳಭಾಗ ಇನ್ನೂ ಕಮ್ಮಿ.

ಆದರೆ ಮನೌಸಿನ 100 ಮೀಟರನ್ನು ಸುಮ್ನೆ ತಂದು ಶಿರಸಿಗೆ ಅಂಟಿಸುವುದು ಸರಿಯಲ್ಲ. ಅಲ್ಲಿ ಕಾಡಿನ ಪಕ್ಕಕ್ಕೆ ಬಯಲು ಇತ್ತು. ನಮ್ಮಲ್ಲಿ ಎಷ್ಟೋ ಕಾನುಗಳ ಪಕ್ಕಕ್ಕೆ ಸೊಪ್ಪಿನ ಬೆಟ್ಟ ಇದೆ. ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಎಂದು ಘಟ್ಟದ ಮೇಲೆ ಹಳೆಯ ಲೆಕ್ಕ. ಸೊಪ್ಪು ಕಡಿದರೂ ಮರ ನಿಂತಿರುತ್ತದೆ, ನೆರಳು ಇರುತ್ತದೆ. ಮನೌಸಿನಲ್ಲೂ ಸುತ್ತ ಮರುಕಾಡು ಬೆಳೆದ ಕಡೆ ಅಂಚಿನ ಏಟು ತಗ್ಗಿತ್ತು. ಹಾಗಾದರೆ ಒಳ್ಳೆಯ ಬೆಟ್ಟದ ಪಕ್ಕದ ಕಾನಿಗೂ, ರಸ್ತೆಯ ಪಕ್ಕದ ಕಾನಿಗೂ, ಅಕೇಸಿಯಾ ಪಕ್ಕದ ಕಾನಿಗೂ ಅಂಚು ಎಷ್ಟೆಷ್ಟು ದೂರ ಒಳಗೆ ಹೋಗುತ್ತದೆ? ಇದನ್ನು ಇಲ್ಲೇ ಅಳೆಯಬೇಕು. ಪ್ರತಿ ಮರಕ್ಕೂ ಅಂಚಿನಿಂದ ಎಷ್ಟು ದೂರ ಎಂದು ಗೊತ್ತಿದ್ದರೆ ಮಾತ್ರ ಅಳೆಯಲು ಸಾಧ್ಯ. ಬೆಟ್ಟವನ್ನು ಚೆನ್ನಾಗಿ ಇಟ್ಟುಕೊಂಡ ರೈತ ಪಕ್ಕದ ಕಾನನ್ನೂ ಕಾಯುತ್ತಿದ್ದಾನೆ ಎಂದು ಲೆಕ್ಕದಿಂದ ತೋರಿಸಿದರೆ, ಅವನಿಗೆ ನೆರವು ಕೊಡಿ ಎಂದು ಸರ್ಕಾರವನ್ನು ಕೇಳಲು ನಿಮಗೊಂದು ಗಟ್ಟಿ ಆಧಾರ ಸಿಗುತ್ತದೆ.

ಜಡ್ಡಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು. ರಾಮಪತ್ರೆ ಬಳಗದ ಮರಗಳಿರುವ ಜಡ್ಡಿಗೆ ಇಳಿದರೆ ಕಾಲು ಕಣಕಾಲಿನವರೆಗೆ ಹೂತುಹೋಗುತ್ತದೆ. ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೇ ಇಳಿಯುವ ಬೇರುಗಳ ಮೇಲೆ ಟೇಪು ಎಳೆಯಬೇಕು. ಬೇರು ಮುರಿಯದ ಹಾಗೆ, ಸಸಿ ತುಳಿಯದ ಹಾಗೆ ಹೆಜ್ಜೆ ಇಡಬೇಕು. ಮೊಬೈಲಿನ ಜಿಪಿಎಸ್ ಆ ದಟ್ಟ ನೆರಳಿನಲ್ಲಿ ಹತ್ತಾರು ಮೀಟರ್ ಆಚೀಚೆ ಜಿಗಿಯುತ್ತದೆ. ಹಾಗಾಗಿ ತೆರವಿರುವ ಕಡೆ ಒಂದು ಕಲ್ಲು ಗುರುತು ಮಾಡಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ಜಿಪಿಎಸ್ ತೆಗೆದುಕೊಳ್ಳಬೇಕು. ಅಲ್ಲಿಂದ ಒಳಗೆ ಟೇಪು ಮತ್ತು ದಿಕ್ಸೂಚಿ ಹಿಡಿದು ಅಳೆಯಬೇಕು. ಒಬ್ಬರು ದೂರ ಕೂಗುತ್ತಾರೆ, ಇನ್ನೊಬ್ಬರು ಮರದ ಸುತ್ತಳತೆ ಹೇಳುತ್ತಾರೆ, ಮೂರನೆಯವರು ಬರೆಯುತ್ತಾರೆ. ಉಂಬಳ (ಜಿಗಣೆ) ಕಾಡುವ ಮಳೆಗಾಲದಲ್ಲಿ ಇದು ಆಗುವ ಕೆಲಸವಲ್ಲ. ಬೇಸಿಗೆಯಲ್ಲಿ ಹೋಗಬೇಕು.

ಇಷ್ಟು ಕಷ್ಟಪಟ್ಟರೆ ಸಿಗುವುದೇನು? ರಾಮಪತ್ರೆ ಬಳಗದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪುಸ್ತಕದಲ್ಲಿ ‘12 ಮರ’ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಆ ಹನ್ನೆರಡರಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಅವುಗಳ ನಡುವೆ ಎಷ್ಟು ದೂರ, ಸಸಿಗಳು ಎಲ್ಲಿ ಎದ್ದಿವೆ ಎಂಬುದರ ಮೇಲೆ ಆ ಜಡ್ಡಿಯ ಮುಂದಿನ ನೂರು ವರ್ಷ ನಿಂತಿದೆ. ದೊಡ್ಡ ಮರಗಳಿದ್ದೂ ಸಸಿಗಳೇ ಇಲ್ಲದಿದ್ದರೆ ಆ ಜಾತಿ ಪಟ್ಟಿಯಲ್ಲಿ ಇನ್ನೂ ಬಹಳ ಕಾಲ ಇರುತ್ತದೆ. ಕಾಡಿನಲ್ಲಿ ಅದರ ಸಂತಾನ ನಿಂತೇ ಹೋಗಿರುತ್ತದೆ. ತುಂಡಾದ ಕಾಡುಗಳಲ್ಲಿ ನಷ್ಟ ಹೀಗೆ ತಡವಾಗಿ ಕಾಣುತ್ತದೆ.

ಮರಗಳ ನಕ್ಷೆ ಇದ್ದರೆ ಸಂಖ್ಯಾಶಾಸ್ತ್ರಜ್ಞ ಬ್ರಿಯಾನ್ ರಿಪ್ಲಿ 1970ರ ದಶಕದಲ್ಲಿ ಕೊಟ್ಟ ಒಂದು ವಿಧಾನವನ್ನು ಬಳಸಬಹುದು. ಪ್ರತಿ ಮರದ ಸುತ್ತ 5 ಮೀಟರ್, 10 ಮೀಟರ್, 20 ಮೀಟರ್ ಹೀಗೆ ವೃತ್ತ ಎಳೆದು ಒಳಗೆ ಅದೇ ಜಾತಿಯ ಮರ ಎಷ್ಟಿವೆ ಎಂದು ಎಣಿಸುತ್ತಾ ಹೋಗುವುದು. ಸುಮ್ನೆ ಎಲ್ಲೆಂದರಲ್ಲಿ ಬಿದ್ದಿದ್ದರೆ ಎಷ್ಟಿರಬೇಕಿತ್ತೋ ಅದಕ್ಕೆ ಹೋಲಿಸುವುದು. ಗುಂಪು ಎಷ್ಟು ದೊಡ್ಡದು ಎಂದು ಆಗ ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಅಂಚಿನ ಮರದ ಸುತ್ತ ವೃತ್ತ ಎಳೆದರೆ ಅರ್ಧ ವೃತ್ತ ಕಾನಿನಿಂದ ಹೊರಗೇ ಬೀಳುತ್ತದೆ. ಅದನ್ನು ಸರಿಪಡಿಸದಿದ್ದರೆ ಮರ ಒಂಟಿಯಾಗಿದೆ ಎಂದು ತಪ್ಪು ಲೆಕ್ಕ ಬರುತ್ತದೆ. ಸಣ್ಣ ತುಂಡುಗಳಲ್ಲಿ ಬಹುಪಾಲು ಮರಗಳು ಅಂಚಿನವೇ ಆದ್ದರಿಂದ ಇದನ್ನು ಬಿಡುವಂತಿಲ್ಲ. ಗುಂಪು ಯಾಕಾಯಿತು ಎಂಬುದೂ ಬೇರೆ ಪ್ರಶ್ನೆ. ನೀರು ನಿಲ್ಲುವ ಕಡೆ ಮಾತ್ರ ಬೆಳೆದಿದ್ದಕ್ಕೆ ಗುಂಪಾಗಿರಬಹುದು. ಬೀಜ ಹೊತ್ತೊಯ್ಯುವ ಹಕ್ಕಿ ಬಾರದೆ ತಾಯಿಮರದ ಬುಡದಲ್ಲೇ ಬಿದ್ದು ಬೆಳೆದಿದ್ದಕ್ಕೂ ಇರಬಹುದು. ಅದಕ್ಕೇ ಮರದ ಜೊತೆ ನೀರಿನ ಜಾಗವನ್ನೂ ಗುರುತು ಮಾಡಬೇಕು. ರಾಮಪತ್ರೆಯ ಬೀಜ ನುಂಗಿ ದೂರ ಸಾಗಿಸುವುದು ಮಂಗಟ್ಟೆ ಹಕ್ಕಿ. ಮಂಗಟ್ಟೆ ಒಂದು ಕಾನಿನಿಂದ ಇನ್ನೊಂದಕ್ಕೆ ಹಾರೀತು. ಸಿಂಗಳೀಕಕ್ಕೆ ಹಾಗಾಗದು, ಅದಕ್ಕೆ ಮರದಿಂದ ಮರಕ್ಕೆ ದಾರಿ ಬೇಕು. 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಅದರ ಹೊರಗಿನ ಕಾನುಗಳ ನಡುವೆ ಎಷ್ಟು ಅಗಲದ ತೆರವಿದೆ ಎಂದು ಬರೆದಿಡುವ ಕೆಲಸ ಪಂಚಾಯ್ತಿಗಳೇ ಮಾಡಬಹುದು.

ಇಷ್ಟೆಲ್ಲ ನಮ್ಮ ಕೈಲಾಗುವುದೇ ಎಂದು ಕೇಳಬಹುದು. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ 1988ರಿಂದ ಭಾರತೀಯ ವಿಜ್ಞಾನ ಸಂಸ್ಥೆಯವರು 50 ಹೆಕ್ಟೇರಿನಲ್ಲಿ 1 ಸೆಂಟಿಮೀಟರಿಗಿಂತ ದಪ್ಪ ಇರುವ ಪ್ರತಿ ಮರಕ್ಕೂ ಜಾಗ ಗುರುತು ಮಾಡಿ ಲೆಕ್ಕ ಇಟ್ಟಿದ್ದಾರೆ. ಅಷ್ಟು ದೊಡ್ಡದು ನಮಗೆ ಬೇಡ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಇಡೀ ಪಶ್ಚಿಮ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಹಂಚಿ ನೋಡಿತು. ಅಂಥ ಒಂದು ಚೌಕ ಎಂದರೆ ಸುಮಾರು 8,100 ಹೆಕ್ಟೇರ್. ಇಡೀ ಘಟ್ಟಕ್ಕೆ ಅದು ತಕ್ಕ ಅಳತೆ, ಆದರೆ ಅದರೊಳಗೆ 10 ಹೆಕ್ಟೇರಿನ ಕಾನು ಕಾಣುವುದಿಲ್ಲ. ಕಾಣುವ ಹಾಗೆ ಮಾಡಬೇಕಾದವರು ನೀವು. ಪಂಚಾಯ್ತಿ ನಕ್ಷೆಯ ಮೇಲೆ 250 ಮೀಟರ್ ಚೌಕಗಳನ್ನು ಎಳೆದು, ಕಾನು ಇರುವ ಚೌಕಗಳಿಗೆ ನಂಬರ್ ಹಾಕಿ, ಚೀಟಿ ಎತ್ತಿ ಕೆಲವನ್ನು ಆರಿಸಿ. ಚೀಟಿಯಲ್ಲಿ ಬಂದ ಚೌಕಕ್ಕೆ ದಾರಿ ಕಷ್ಟ ಎಂದು ಬದಲಾಯಿಸಬೇಡಿ. ಹುಡುಕಿದ ಕಡೆ ಸಿಗದಿದ್ದರೆ ‘ಹುಡುಕಿದೆವು, ಸಿಗಲಿಲ್ಲ’ ಎಂದೂ ಬರೆಯಿರಿ. ಆ ಸೊನ್ನೆ ಇಲ್ಲದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಕ್ಷೆಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಆರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ. ಅಲ್ಲಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ?

ಎಣಿಸುವ ಕೆಲಸಕ್ಕೆ ಮೊದಲು ಕರೆಯಬೇಕಾದವರು ಕಾಡಿನಿಂದ ಉಪ್ಪಾಗೆ ಹಣ್ಣು, ರಾಮಪತ್ರೆ, ಜೇನು ತರುವವರು. ಯಾವ ಮರ ಯಾವ ವರ್ಷ ಕಾಯಿ ಬಿಟ್ಟಿತು, ಯಾವುದು ಗಂಡು ಮರ ಎಂಬುದು ಅವರಿಗೆ ಬಾಯಿಪಾಠ. ಸುಮ್ನೆ ಮಾಹಿತಿ ಕೇಳಿ ಕಳಿಸಬೇಡಿ. ಕೂಲಿ ಕೊಡಿ, ದಾಖಲೆಯಲ್ಲಿ ಅವರ ಪಾಲನ್ನು ಬರೆಯಿರಿ, ಅವರು ಒಪ್ಪದ್ದನ್ನು ಬಯಲು ಮಾಡಬೇಡಿ.

ಈ ಕೊನೆಯ ಮಾತನ್ನು ಮಂಡಳಿಯವರು ಗಟ್ಟಿಯಾಗಿ ಹಿಡಿಯಬೇಕು. ಮರ ನಿಂತ ಜಾಗದ ನಕ್ಷೆ ಕಳ್ಳರ ಕೈಗೂ ಸಿಗಬಹುದು. ಕ್ಯಾನ್ಸರ್ ಔಷಧಕ್ಕೆ ಬೇಕಾಗುವ ಕ್ಯಾಂಪ್ಟೊಥೆಸಿನ್ ಸಿಗುತ್ತದೆಂದು ದುರ್ವಾಸನೆ ಮರವನ್ನು ಪಶ್ಚಿಮ ಘಟ್ಟದಲ್ಲಿ ಹೇಗೆ ಕಡಿದು ಸಾಗಿಸಿದರು ಎಂದು ನಿಮಗೆ ಗೊತ್ತಿದೆ. ಆದ್ದರಿಂದ ದಾಖಲೆ ಎರಡು ಇರಲಿ. ಪೂರ್ತಿ ಜಾಗ ಇರುವುದು ಸಮಿತಿಯ ಬೀಗದೊಳಗೆ ಇರಲಿ. ಹೊರಗೆ ಕೊಡುವುದರಲ್ಲಿ ಅಪರೂಪದ ಜಾತಿಗಳಿಗೆ ಕಿಲೋಮೀಟರ್ ಚೌಕದ ನಂಬರ್ ಮಾತ್ರ ಇರಲಿ. ದಾಖಲಾತಿಯ ನಮೂನೆಯಲ್ಲಿ ಜಾಗ, ಅಂಚಿನಿಂದ ದೂರ, ಸುತ್ತಳತೆ, ಸಸಿಗಳ ಸಂಖ್ಯೆ, ಹುಡುಕಿ ಸಿಗದ ಚೌಕಗಳು ಎಂದು ಕಾಲಂ ಸೇರಿಸಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಾಗ ಎಷ್ಟೋ ಕಡೆ ಪುಸ್ತಕಗಳು ಅವಸರದಲ್ಲಿ ತಯಾರಾದವು. ಪರಿಷ್ಕರಣೆಗೆ ಆ ಅವಸರ ಬೇಡ. ಒಂದು ಪಂಚಾಯ್ತಿಗೆ ವರ್ಷಕ್ಕೆ ಮೂರ್ನಾಲ್ಕು ಕಾನು ಆದರೂ ಸಾಕು.

ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ. ಮಳೆ ಹಿಡಿದು ಉಪ್ಪಾಗೆ ಕೊಯ್ಲು ಶುರುವಾಗುವ ಮೊದಲು, ಬೇಸಿಗೆಯಲ್ಲೇ ಒಂದು ಕಾನಿನ ಕೆಲಸ ಮುಗಿಸಬಹುದು. ಚೌಕ ಎಳೆಯುವುದು, ಚೀಟಿ ಎತ್ತುವುದು, ಆಮೇಲಿನ ಲೆಕ್ಕ, ಇಷ್ಟನ್ನು ಹೇಳಿಕೊಡಲು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಯಾವ ಪಂಚಾಯ್ತಿಗೆ ಕರೆದರೂ ಭಾನುವಾರಗಳಲ್ಲಿ ಬರುತ್ತೇನೆ. ನೀವು ಸಿದ್ಧ ಮಾಡಿಕೊಳ್ಳಬೇಕಾದ್ದು 50 ಮೀಟರಿನ ಎರಡು ಟೇಪು, ಒಂದು ದಿಕ್ಸೂಚಿ, ಒದ್ದೆಯಾದರೂ ಬರಹ ಅಳಿಸದಂತೆ ಪೆನ್ಸಿಲಿನಲ್ಲಿ ಬರೆಯಲು ಒಂದು ಪುಸ್ತಕ ಮತ್ತು ಕಾನು ಗೊತ್ತಿರುವ ಇಬ್ಬರಿಗೆ ದಿನದ ಕೂಲಿ.

ಇಂತಿ ನಿಮ್ಮವಳು,
ಶಿರಸಿ ತಾಲೂಕಿನ ಒಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕಿ